“ಮೈ ಫ್ರೆಂಡ್” ಬೇರೆ, “ಎ ಫ್ರೆಂಡ್ ಆಫ್ ಮೈನ್” ಬೇರೆ: ಇಂಗ್ಲಿಷಿನ ಷಷ್ಠಿ ಪ್ರಯೋಗಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಣ್ಣನ ಮನೆ, ಮನೆಯ ಬಾಗಿಲು, ಎರಡು ದಿನದ ರಜೆ, ತಾಯಿಯ ಪ್ರೀತಿ. ಕನ್ನಡದಲ್ಲಿ ಇಷ್ಟಕ್ಕೂ ಒಂದೇ ಷಷ್ಠಿ ವಿಭಕ್ತಿ ಸಾಕು. ಇಂಗ್ಲಿಷಿನಲ್ಲಿ ಇದೇ ಕೆಲಸ ನಾಲ್ಕು ಕಡೆ ಹಂಚಿಹೋಗಿದೆ: ಅಪಾಸ್ಟ್ರಫಿ ಎಸ್, “ಆಫ್”, ಎರಡು ನಾಮಪದಗಳನ್ನು ಅಕ್ಕಪಕ್ಕ ಇಡುವುದು, ಕೊನೆಗೆ “ಆಫ್” ಮತ್ತು ಅಪಾಸ್ಟ್ರಫಿ ಎರಡನ್ನೂ ಒಟ್ಟಿಗೆ ಹಾಕುವುದು. ವ್ಯಾಕರಣ ಸರಿಯಿದ್ದೂ ಅರ್ಥ ಕೆಡುವುದು ಈ ನಾಲ್ಕರಲ್ಲಿ ತಪ್ಪಾದುದನ್ನು ಆರಿಸಿದಾಗ. ಕೆಳಗಿನ ಉದಾಹರಣೆಗಳೆಲ್ಲ ಕನ್ನಡ ಲಿಪಿಯಲ್ಲಿವೆ. ಅಪಾಸ್ಟ್ರಫಿ ಬರುವ ಜಾಗದಲ್ಲಿ ’ ಗುರುತು ಹಾಕಿದೆ.

“ಮೈ ಫ್ರೆಂಡ್”, “ಎ ಫ್ರೆಂಡ್ ಆಫ್ ಮೈನ್”, “ಒನ್ ಆಫ್ ಮೈ ಫ್ರೆಂಡ್ಸ್”: ಮೂರೂ ಒಂದೇ ಅಲ್ಲವೇ?

ಅಲ್ಲ. “ಮೈ ಫ್ರೆಂಡ್” ಅಂದರೆ ಯಾವ ಸ್ನೇಹಿತ ಎಂಬುದು ಕೇಳುವವರಿಗೆ ಆಗಲೇ ಗೊತ್ತಿದೆ, ಅಥವಾ ಈಗಲೇ ಹೇಳುತ್ತೀರಿ ಎಂದು ಅರ್ಥ. “ಮೈ ಫ್ರೆಂಡ್ ರವಿ” ಎಂದರೆ ಏನೂ ತೊಂದರೆಯಿಲ್ಲ, ಹೆಸರು ಹಿಂದೆಯೇ ಬಂತು. ಆದರೆ ಹಿಂದುಮುಂದಿಲ್ಲದೆ “ಐ ಮೆಟ್ ಮೈ ಫ್ರೆಂಡ್ ಯೆಸ್ಟರ್‌ಡೇ” ಎಂದು ಮಾತು ತೆಗೆದರೆ, ಎದುರಿನವರು “ಯಾರು?” ಎಂದು ಕಾಯುತ್ತಾರೆ, ಇಲ್ಲವೇ ನಿಮಗಿರುವುದು ಒಬ್ಬನೇ ಸ್ನೇಹಿತ ಅಂದುಕೊಳ್ಳುತ್ತಾರೆ.

“ಎ ಫ್ರೆಂಡ್ ಆಫ್ ಮೈನ್” ಎಂದಾಗ ಆ ಕಾಯುವಿಕೆ ಇಲ್ಲ. ಯಾರೋ ಒಬ್ಬ ಸ್ನೇಹಿತ, ಹೆಸರು ಮುಖ್ಯವಲ್ಲ. ಕನ್ನಡದಲ್ಲಿ “ನನ್ನ ಸ್ನೇಹಿತನೊಬ್ಬ” ಎನ್ನುವ ಕಡೆಯಲ್ಲೆಲ್ಲ ಇಂಗ್ಲಿಷಿಗೆ ಬೇಕಾದುದು ಇದೇ.

“ಒನ್ ಆಫ್ ಮೈ ಫ್ರೆಂಡ್ಸ್” ಎಂದರೆ ಗುಂಪು ಕಣ್ಣಮುಂದೆ ಇದೆ. ಅದರಿಂದ ಒಬ್ಬನನ್ನು ಬೇರೆ ಮಾಡಿ ತೋರಿಸುತ್ತಿದ್ದೀರಿ. ಗುಂಪಿನ ಉಳಿದವರ ವಿಷಯವೂ ಬರುವುದಿದ್ದರೆ ಇದು ಚೆನ್ನ. ಇಲ್ಲಿ ಎರಡು ಎಚ್ಚರ ಬೇಕು. “ಫ್ರೆಂಡ್ಸ್” ಬಹುವಚನದಲ್ಲೇ ಇರಬೇಕು, ಕ್ರಿಯಾಪದ ಏಕವಚನದಲ್ಲಿರಬೇಕು: “ಒನ್ ಆಫ್ ಮೈ ಫ್ರೆಂಡ್ಸ್ ಈಸ್ ಎ ಡಾಕ್ಟರ್”. “ಒನ್ ಆಫ್ ಮೈ ಫ್ರೆಂಡ್” ಎಂಬುದು ನಮ್ಮಲ್ಲಿ ಅತಿ ಹೆಚ್ಚು ಕಿವಿಗೆ ಬೀಳುವ ತಪ್ಪು. “ಮೈ ಒನ್ ಫ್ರೆಂಡ್” ಅದಕ್ಕಿಂತ ಅಪಾಯ: ಅದಕ್ಕೆ “ನನಗಿರುವ ಒಬ್ಬನೇ ಒಬ್ಬ ಸ್ನೇಹಿತ” ಎಂದರ್ಥ.

“ಎ ಫ್ರೆಂಡ್ ಆಫ್ ಮಿ” ಎಂದರೆ ಏಕೆ ತಪ್ಪು? “ಆಫ್” ಇದ್ದ ಮೇಲೆ “ಮೈನ್” ಏಕೆ ಬೇಕು?

ಸರ್ವನಾಮ ಬಂದರೆ ಇಲ್ಲಿ ಆಯ್ಕೆಯೇ ಇಲ್ಲ. ಮೈನ್, ಯುವರ್ಸ್, ಹಿಸ್, ಹರ್ಸ್, ಅವರ್ಸ್, ದೇರ್ಸ್, ಇವುಗಳಲ್ಲೇ ಒಂದು ಬರಬೇಕು. ಸಂಬಂಧ ಎರಡು ಸಲ ಹೇಳಿದಂತೆ ಕಾಣುತ್ತದೆ, ನಿಜ. ಭಾಷೆ ಅದನ್ನು ಹಾಗೇ ಒಪ್ಪಿಕೊಂಡಿದೆ.

ಸರ್ವನಾಮದ ಬದಲು ನಾಮಪದವಿದ್ದರೆ ಎರಡೂ ನಡೆಯುತ್ತವೆ: “ಎ ಫ್ರೆಂಡ್ ಆಫ್ ಮೈ ಫಾದರ್”, “ಎ ಫ್ರೆಂಡ್ ಆಫ್ ಮೈ ಫಾದರ್’ಸ್”. ಮಾತಿನಲ್ಲಿ ಎರಡನೆಯದು ಹೆಚ್ಚು ಸಹಜ. ನಿರ್ಜೀವ ವಸ್ತುವಿಗೆ ಈ ಜೋಡಿ ರೂಪ ಹೊಂದುವುದಿಲ್ಲ. “ಎ ಲೆಗ್ ಆಫ್ ದಿ ಟೇಬಲ್’ಸ್” ಎಂದು ಯಾರೂ ಹೇಳುವುದಿಲ್ಲ.

ಇನ್ನೊಂದು ಮಿತಿ “ದಿ”ಯದು. “ದಿ ಫ್ರೆಂಡ್ ಆಫ್ ಮೈನ್” ಎಂದು ನಿಲ್ಲಿಸುವಂತಿಲ್ಲ. ಮುಂದೆ ವಿವರ ಬಂದರೆ ಮಾತ್ರ ಸರಿ: “ದಿ ಫ್ರೆಂಡ್ ಆಫ್ ಮೈನ್ ಹೂ ಲಿವ್ಸ್ ಅಬ್ರಾಡ್”.

“ದಟ್ ಬ್ರದರ್ ಆಫ್ ಯುವರ್ಸ್” ಎಂದಾಗ ಬೈದಂತೆ ಕೇಳುವುದೇಕೆ?

ಏಕೆಂದರೆ ಅದರಲ್ಲಿ ಸ್ವಲ್ಪ ಅದೇ ಇದೆ. “ಯುವರ್ ಬ್ರದರ್” ಎಂಬುದು ಬರೀ ಮಾಹಿತಿ. “ದಟ್ ಬ್ರದರ್ ಆಫ್ ಯುವರ್ಸ್” ಎಂದರೆ “ಇದಾನಲ್ಲ ನಿಮ್ಮಣ್ಣ, ಅವನು” ಎಂಬ ಧಾಟಿ. ಅದರಲ್ಲಿ ಸಿಟ್ಟಿರಬಹುದು, ತಮಾಷೆ ಇರಬಹುದು, ಮೆಚ್ಚುಗೆಯೂ ಇರಬಹುದು. ಯಾವುದೂ ಇಲ್ಲದಿರುವುದು ಅಪರೂಪ. ಆಫೀಸಿನ ಇಮೇಲಿನಲ್ಲಿ “ದಟ್ ರಿಪೋರ್ಟ್ ಆಫ್ ಯುವರ್ಸ್” ಎಂದು ಬರೆದರೆ ಓದುವವರಿಗೆ ಚುಚ್ಚುತ್ತದೆ. ಅಲ್ಲಿ “ಯುವರ್ ರಿಪೋರ್ಟ್” ಎಂದಷ್ಟೇ ಬರೆಯಿರಿ.

ಈ ರೂಪ ಬಂದ ಮಾತ್ರಕ್ಕೆ ವಸ್ತು ಹಲವಾರು ಇರಬೇಕೆಂದೇನೂ ಇಲ್ಲ. “ದಟ್ ನೋಸ್ ಆಫ್ ಹಿಸ್” ಎನ್ನುತ್ತಾರೆ. ಮೂಗು ಎಲ್ಲರಿಗೂ ಒಂದೇ.

“ಮೈ ಫೋಟೋ”, “ಎ ಫೋಟೋ ಆಫ್ ಮಿ”, “ಎ ಫೋಟೋ ಆಫ್ ಮೈನ್”: ಯಾವುದು ಯಾವಾಗ?

“ಎ ಫೋಟೋ ಆಫ್ ಮಿ” ಎಂದರೆ ಫೋಟೋದಲ್ಲಿ ಕಾಣುವುದು ನೀವು. ಅದು ಯಾರ ಬಳಿಯಾದರೂ ಇರಬಹುದು. “ಎ ಫೋಟೋ ಆಫ್ ಮೈನ್” ಎಂದರೆ ಫೋಟೋ ನಿಮ್ಮದು: ನೀವು ತೆಗೆದದ್ದು ಅಥವಾ ನಿಮ್ಮ ಸಂಗ್ರಹದ್ದು. ಅದರಲ್ಲಿ ಬೆಕ್ಕು ಕುಳಿತಿದ್ದರೂ ನಡೆಯುತ್ತದೆ. “ಮೈ ಫೋಟೋ” ಮೂರನ್ನೂ ಹೇಳಬಲ್ಲದು: ನಾನಿರುವುದು, ನಾನು ತೆಗೆದದ್ದು, ನನ್ನ ಬಳಿಯಿರುವುದು. ಸಂದರ್ಭ ಗೊತ್ತಿದ್ದಾಗ ಇದು ಸಾಕು. ಅರ್ಜಿ, ಒಪ್ಪಂದ, ಹಕ್ಕುಸ್ವಾಮ್ಯದ ಪತ್ರದಂಥ ಕಡೆ ಸಾಲದು; ಅಲ್ಲಿ “ಎ ಫೋಟೋ ಆಫ್ ಮಿ” ಅಥವಾ “ಎ ಫೋಟೋ ಟೇಕನ್ ಬೈ ಮಿ” ಎಂದು ಬಿಡಿಸಿಯೇ ಬರೆಯಬೇಕು.

ನಾಮಪದಕ್ಕೂ ಇದೇ ಲೆಕ್ಕ. “ಎ ಪೋರ್ಟ್ರೇಟ್ ಆಫ್ ರೆಂಬ್ರಾಂಟ್” ಎಂದರೆ ಚಿತ್ರದಲ್ಲಿರುವವನು ಡಚ್ ಚಿತ್ರಕಾರ ರೆಂಬ್ರಾಂಟ್. “ಎ ಪೋರ್ಟ್ರೇಟ್ ಆಫ್ ರೆಂಬ್ರಾಂಟ್’ಸ್” ಎಂದರೆ ಅವನು ಬರೆದದ್ದು ಅಥವಾ ಅವನ ಒಡೆತನದ್ದು. “ಎ ಪೋರ್ಟ್ರೇಟ್ ಬೈ ರೆಂಬ್ರಾಂಟ್” ಎಂದರೆ ಅವನು ಬರೆದದ್ದು ಮಾತ್ರ. ಅವನು ತನ್ನದೇ ಮುಖವನ್ನು ಹತ್ತಾರು ಸಲ ಚಿತ್ರಿಸಿದ್ದರಿಂದ ಅಂಥ ಚಿತ್ರಗಳಿಗೆ ಮೂರೂ ಹೊಂದುತ್ತವೆ ಎನ್ನುವುದು ಬೇರೆ ಮಾತು.

“ಆಫ್” ಬಂದಾಗ ಮಾಡಿದವರು ಯಾರು, ಮಾಡಿಸಿಕೊಂಡವರು ಯಾರು ಎಂದು ತಿಳಿಯುವುದು ಹೇಗೆ?

ಕ್ರಿಯೆಯಿಂದ ಹುಟ್ಟಿದ ನಾಮಪದಗಳಲ್ಲಿ ಈ ಗೊಂದಲ ಬರುತ್ತದೆ: ಕ್ರಿಟಿಸಿಸಮ್, ಡಿಸ್ಟ್ರಕ್ಷನ್, ಎಕ್ಸಾಮಿನೇಷನ್, ಲವ್, ಫಿಯರ್ ಇತ್ಯಾದಿ. ಅಪಾಸ್ಟ್ರಫಿ ಎಸ್ ಸಾಮಾನ್ಯವಾಗಿ ಮಾಡಿದವರ ಕಡೆಗೆ, “ಆಫ್” ಮಾಡಿಸಿಕೊಂಡವರ ಕಡೆಗೆ ವಾಲುತ್ತದೆ. “ದಿ ಮಿನಿಸ್ಟರ್’ಸ್ ಕ್ರಿಟಿಸಿಸಮ್” ಎಂದರೆ ಮಂತ್ರಿ ಮಾಡಿದ ಟೀಕೆ. “ಕ್ರಿಟಿಸಿಸಮ್ ಆಫ್ ದಿ ಮಿನಿಸ್ಟರ್” ಎಂದರೆ ಮಂತ್ರಿಯ ಮೇಲೆ ಬೇರೆಯವರು ಮಾಡಿದ ಟೀಕೆ. ಸುದ್ದಿಯ ತಲೆಬರಹದಲ್ಲಿ ಇವು ಅದಲುಬದಲಾದರೆ ಸುದ್ದಿಯೇ ತಿರುಗಿಬೀಳುತ್ತದೆ.

ಎರಡೂ ಕಡೆಯವರು ಇದ್ದಾಗ ಇಂಗ್ಲಿಷು ಎರಡು ರೂಪಗಳನ್ನೂ ಒಟ್ಟಿಗೆ ಬಳಸುತ್ತದೆ. ಕ್ರಿ.ಪೂ. 146ರಲ್ಲಿ ರೋಮನ್ನರು ಕಾರ್ಥೇಜ್ ನಗರವನ್ನು ನಾಶಮಾಡಿದರು. ಅದು “ರೋಮ್’ಸ್ ಡಿಸ್ಟ್ರಕ್ಷನ್ ಆಫ್ ಕಾರ್ಥೇಜ್”. ಆದರೆ ಇದು ವಾಲುವಿಕೆ ಮಾತ್ರ, ಕಟ್ಟುಪಾಡಲ್ಲ. ಮಾಡಿಸಿಕೊಂಡವರು ಒಬ್ಬರೇ ಇದ್ದರೆ ಅಪಾಸ್ಟ್ರಫಿ ಅವರಿಗೂ ಹೋಗುತ್ತದೆ: “ಕಾರ್ಥೇಜ್’ಸ್ ಡಿಸ್ಟ್ರಕ್ಷನ್” ಎಂದರೆ ಕಾರ್ಥೇಜ್ ನಾಶವಾದದ್ದೇ ಹೊರತು ಅದು ಇನ್ನೊಂದನ್ನು ನಾಶಮಾಡಿದ್ದಲ್ಲ.

“ದಿ ಲವ್ ಆಫ್ ಗಾಡ್” ಎರಡೂ ಕಡೆಗೆ ತೆರೆದಿದೆ: ದೇವರು ತೋರುವ ಪ್ರೀತಿ, ದೇವರ ಮೇಲಿನ ಪ್ರೀತಿ. ಸ್ಪಷ್ಟ ಮಾಡಬೇಕಾದರೆ “ಗಾಡ್’ಸ್ ಲವ್ ಫಾರ್ ಅಸ್”, “ಅವರ್ ಲವ್ ಫಾರ್ ಗಾಡ್” ಎಂದು ಬಿಡಿಸಿ. ಕನ್ನಡದಲ್ಲಿ “ಮೇಲಿನ” ಎಂಬ ಪದ ಮಾಡುವ ಕೆಲಸವನ್ನು ಅಲ್ಲಿ “ಫಾರ್” ಮಾಡುತ್ತದೆ.

ಸಜೀವಕ್ಕೆ ಅಪಾಸ್ಟ್ರಫಿ, ನಿರ್ಜೀವಕ್ಕೆ “ಆಫ್” ಎಂದು ಶಾಲೆಯಲ್ಲಿ ಕಲಿತೆವು. ಸರಿ ತಾನೇ?

ಅರ್ಧ ಸರಿ. ಈ ಸೂತ್ರವನ್ನು ಕಣ್ಣುಮುಚ್ಚಿ ಅನುಸರಿಸಿದರೆ “ದಿ ಪಾಲಿಸಿ ಆಫ್ ದಿ ಕಂಪನಿ”, “ದಿ ನ್ಯೂಸ್‌ಪೇಪರ್ ಆಫ್ ಟುಡೇ” ಎಂದು ಬರೆಯುತ್ತ ಹೋಗುತ್ತೀರಿ. ಮೊದಲನೆಯದು ಭಾರ, ಎರಡನೆಯದು ಯಾರೂ ಹೇಳದ ಮಾತು. ಸಂಸ್ಥೆ, ದೇಶ, ಊರು, ಕಾಲ ಇವೆಲ್ಲ ನಿರ್ಜೀವವಾದರೂ ಅಪಾಸ್ಟ್ರಫಿಯನ್ನು ಧಾರಾಳವಾಗಿ ಒಪ್ಪುತ್ತವೆ: “ದಿ ಕಂಪನಿ’ಸ್ ಪಾಲಿಸಿ”, “ಜಪಾನ್’ಸ್ ಪಾಪ್ಯುಲೇಷನ್”, “ಟುಡೇ’ಸ್ ನ್ಯೂಸ್‌ಪೇಪರ್”.

ಇತ್ತ ಸಜೀವಕ್ಕೂ “ಆಫ್” ಬೇಕಾಗುತ್ತದೆ, ಒಡೆಯನ ವರ್ಣನೆ ಉದ್ದವಾದಾಗ. “ದಿ ಸನ್ ಆಫ್ ದಿ ಮ್ಯಾನ್ ಹೂ ಕೇಮ್ ಯೆಸ್ಟರ್‌ಡೇ” ಎಂಬುದನ್ನು ಅಪಾಸ್ಟ್ರಫಿಗೆ ತಿರುಗಿಸಿ ನೋಡಿ, ಕೊನೆಯಲ್ಲಿ ಮಗ “ನಿನ್ನೆ”ಗೆ ಸೇರಿದವನಂತಾಗುತ್ತಾನೆ. ಉದ್ದದ ಭಾಗ ಕೊನೆಗೆ ಹೋಗಬೇಕು ಎಂಬುದು ಸಜೀವ ನಿರ್ಜೀವಕ್ಕಿಂತ ನಂಬಬಹುದಾದ ಸೂತ್ರ.

ಶಾಲೆಯ ಸೂತ್ರ ಗಟ್ಟಿಯಾಗಿ ನಿಲ್ಲುವುದು ಒಂದು ಕಡೆ: ಟಾಪ್, ಬಾಟಮ್, ಬ್ಯಾಕ್, ಸೈಡ್, ಮಿಡಲ್ ಎಂಬ ಸ್ಥಾನಸೂಚಕಗಳಲ್ಲಿ. “ದಿ ಟಾಪ್ ಆಫ್ ದಿ ಹಿಲ್”, “ದಿ ಬ್ಯಾಕ್ ಆಫ್ ದಿ ಹೌಸ್” ಎನ್ನಬೇಕು. “ದಿ ಹೌಸ್’ಸ್ ಬ್ಯಾಕ್” ಕಿವಿಗೆ ಒರಟು.

“ಟೀ ಕಪ್” ಮತ್ತು “ಎ ಕಪ್ ಆಫ್ ಟೀ” ನಡುವೆ ವ್ಯತ್ಯಾಸವಿದೆಯೇ?

ಇದೆ, ಕುಡಿಯಲು ಸಿಗುವುದು ಎರಡನೆಯದರಲ್ಲಿ ಮಾತ್ರ. ಎರಡು ನಾಮಪದ ಅಕ್ಕಪಕ್ಕ ಬಂದರೆ ಅದು ಪಾತ್ರೆಯ ಬಗೆ, ಖಾಲಿಯಿರಬಹುದು. “ಆಫ್” ಬಂದರೆ ಒಳಗಿರುವುದರ ಅಳತೆ. “ಮ್ಯಾಚ್‌ಬಾಕ್ಸ್”, “ಎ ಬಾಕ್ಸ್ ಆಫ್ ಮ್ಯಾಚಸ್” ಕೂಡ ಹಾಗೆಯೇ.

“ಈ ಮಕ್ಕಳ ಪುಸ್ತಕ” ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು?

ನೀವು ಯಾವುದನ್ನು ಹೇಳಬೇಕೆಂದಿದ್ದೀರಿ ಎನ್ನುವುದರ ಮೇಲೆ ಹೋಗುತ್ತದೆ. ಮಕ್ಕಳಿಗೆಂದು ಬರೆದ ಪುಸ್ತಕವೊಂದನ್ನು ತೋರಿಸುತ್ತಿದ್ದರೆ “ದಿಸ್ ಚಿಲ್ಡ್ರನ್’ಸ್ ಬುಕ್”. ಇಲ್ಲಿ “ದಿಸ್” ಪುಸ್ತಕಕ್ಕೆ ಅಂಟಿದೆ. ಎದುರಿಗಿರುವ ಮಕ್ಕಳ ಒಡೆತನದ ಪುಸ್ತಕವಾದರೆ “ದೀಸ್ ಚಿಲ್ಡ್ರನ್’ಸ್ ಬುಕ್”. “ದೀಸ್” ಮಕ್ಕಳಿಗೆ ಅಂಟಿದೆ. ಮೊದಲನೆಯದರಲ್ಲಿ ಅಪಾಸ್ಟ್ರಫಿ ಒಡೆತನವನ್ನು ಹೇಳುತ್ತಲೇ ಇಲ್ಲ, ಪುಸ್ತಕದ ಬಗೆಯನ್ನು ಹೇಳುತ್ತಿದೆ.

“ಆ್ಯನ್ ಓಲ್ಡ್ ಮ್ಯಾನ್’ಸ್ ಕೋಟ್” ಎಂಬಲ್ಲಿ ಈ ಸಹಾಯವೂ ಸಿಗುವುದಿಲ್ಲ. ಮುದುಕನ ಕೋಟೋ, ಗಂಡಸರು ತೊಡುವ ಹಳೇ ಕೋಟೋ? ಬರವಣಿಗೆಯಲ್ಲಿ ಎರಡಕ್ಕೂ ಒಂದೇ ರೂಪ. ಗೊಂದಲ ತಪ್ಪಿಸಲು ವಾಕ್ಯವನ್ನೇ ಬದಲಿಸಬೇಕು.

“ರವಿ ಆ್ಯಂಡ್ ಲತಾ’ಸ್” ಎನ್ನಬೇಕೋ, “ರವಿ’ಸ್ ಆ್ಯಂಡ್ ಲತಾ’ಸ್” ಎನ್ನಬೇಕೋ?

ಇಬ್ಬರಿಗೂ ಸೇರಿ ಒಂದೇ ಆದರೆ ಕೊನೆಯ ಹೆಸರಿಗೆ ಮಾತ್ರ: “ರವಿ ಆ್ಯಂಡ್ ಲತಾ’ಸ್ ಹೌಸ್”. ಬೇರೆ ಬೇರೆ ಆದರೆ ಎರಡಕ್ಕೂ ಹಾಕಿ, ವಸ್ತುವನ್ನು ಬಹುವಚನ ಮಾಡಿ: “ರವಿ’ಸ್ ಆ್ಯಂಡ್ ಲತಾ’ಸ್ ಹೌಸಸ್”.

ಒಬ್ಬರ ಜಾಗದಲ್ಲಿ ನೀವೇ ಇದ್ದರೆ ಕಷ್ಟ. “ರವಿ ಆ್ಯಂಡ್ ಐ’ಸ್ ಹೌಸ್” ಎಂದು ಮಾತಿನಲ್ಲಿ ಕೇಳಿಬಂದರೂ ಬರವಣಿಗೆಗೆ ತರಬೇಡಿ. “ರವಿ’ಸ್ ಆ್ಯಂಡ್ ಮೈ ಹೌಸ್” ವ್ಯಾಕರಣಕ್ಕೆ ಸರಿ. ಸಂದರ್ಭದಲ್ಲಿ ರವಿ ಆಗಲೇ ಬಂದಿದ್ದರೆ “ಅವರ್ ಹೌಸ್” ಎಲ್ಲಕ್ಕಿಂತ ಸಲೀಸು.

“ನಮ್ಮಿಬ್ಬರ ಮನೆ” ಎಂಬುದನ್ನು ಹಾಗೇ ಇಟ್ಟು “ಅವರ್ ಬೋತ್ ಹೌಸ್” ಎನ್ನುವುದು ತಪ್ಪು. “ಬೋತ್ ಅವರ್ ಹೌಸಸ್” ಎಂದರೆ ಎರಡು ಮನೆ. ಮನೆ ಒಂದೇ ಆಗಿ, ಹಕ್ಕು ಇಬ್ಬರದು ಎಂದು ಒತ್ತಿ ಹೇಳಬೇಕಾದರೆ “ದಿ ಹೌಸ್ ಬಿಲಾಂಗ್ಸ್ ಟು ಬೋತ್ ಆಫ್ ಅಸ್”.

“ಬಾಯ್’ಸ್”, “ಬಾಯ್ಸ್’”, “ಬಾಯ್ಸ್” ಕಿವಿಗೆ ಒಂದೇ. ಬರೆಯುವಾಗ ಹೇಗೆ ನಿರ್ಧರಿಸುವುದು?

ಮೊದಲು ಒಡೆಯನ ಪದವನ್ನು ಪೂರ್ತಿ ಬರೆಯಿರಿ, ಒಬ್ಬನೋ ಹಲವರೋ ಎಂದು ನೋಡಿ. ಆಮೇಲೆ ಅಪಾಸ್ಟ್ರಫಿ. ಒಬ್ಬ ಹುಡುಗನಾದರೆ “ಬಾಯ್” ಆದ ಮೇಲೆ ಗುರುತು, ಬಳಿಕ ಎಸ್. ಹಲವರಾದರೆ “ಬಾಯ್ಸ್” ಎಂದು ಮುಗಿಸಿ ಗುರುತು ಮಾತ್ರ. ಬಹುವಚನದಲ್ಲೇ ಎಸ್ ಇಲ್ಲದ ಚಿಲ್ಡ್ರನ್, ಮೆನ್, ವಿಮೆನ್ ಮುಂತಾದವಕ್ಕೆ ಗುರುತು ಮತ್ತು ಎಸ್ ಎರಡೂ. ಒಡೆತನವೇ ಇಲ್ಲದೆ ಬರೀ ಬಹುವಚನವಾದರೆ ಗುರುತೇ ಬೇಡ. ಅಂಗಡಿ ಫಲಕಗಳಲ್ಲಿ ತರಕಾರಿಯ ಬಹುವಚನಕ್ಕೆಲ್ಲ ಅಪಾಸ್ಟ್ರಫಿ ಬೀಳುವ ತಪ್ಪಿಗೆ ಬ್ರಿಟನ್ನಿನಲ್ಲಿ “ಗ್ರೀನ್‌ಗ್ರೋಸರ್ಸ್’ ಅಪಾಸ್ಟ್ರಫಿ” ಎಂಬ ಅಡ್ಡಹೆಸರೇ ಇದೆ.

ಎಸ್ ಇಂದ ಮುಗಿಯುವ ಹೆಸರುಗಳಲ್ಲಿ ಮಾತ್ರ ಪಂಡಿತರೂ ಒಪ್ಪುವುದಿಲ್ಲ. ಜೇಮ್ಸ್ ಎಂಬುದಕ್ಕೆ ಗುರುತಿನ ನಂತರ ಇನ್ನೊಂದು ಎಸ್ ಬೇಕು ಎನ್ನುತ್ತದೆ ಚಿಕಾಗೊ ಶೈಲಿ ಕೈಪಿಡಿ. ಗುರುತೊಂದೇ ಸಾಕು ಎನ್ನುತ್ತದೆ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಶೈಲಿ. ಯಾವುದನ್ನಾದರೂ ಹಿಡಿಯಿರಿ, ಆದರೆ ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.

ಉಚ್ಚಾರದ ವಿಷಯ: “ಕ್ಯಾಟ್’ಸ್” ಎಂಬಲ್ಲಿ ಕೊನೆಗೆ ಸ್, “ಡಾಗ್’ಸ್” ಎಂಬಲ್ಲಿ ಝ್, “ಬಾಸ್’ಸ್” ಎಂಬಲ್ಲಿ ಇಝ್ ಬರುತ್ತದೆ.

“ಎರಡು ದಿನದ ರಜೆ” ಬರೆಯುವಾಗ ಅಪಾಸ್ಟ್ರಫಿ ಎಲ್ಲಿ?

ಎರಡು ದಾರಿ ಇವೆ. “ಟೂ ಡೇಸ್’ ಲೀವ್”: ಡೇಸ್ ಬಹುವಚನ, ಗುರುತು ಅದರ ನಂತರ, ಮೊದಲಲ್ಲಿ “ಎ” ಬೇಡ. “ಎ ಟೂ-ಡೇ ಲೀವ್”: ಡೇ ಏಕವಚನ, ನಡುವೆ ಅಡ್ಡಗೆರೆ, ಮೊದಲಲ್ಲಿ “ಎ” ಬೇಕು. ಕೆಡುವುದು ಇವೆರಡನ್ನೂ ಕಲಸಿದಾಗ. “ಎ ಟೂ ಡೇಸ್ ಲೀವ್” ಎಂದು ರಜೆ ಅರ್ಜಿಗಳಲ್ಲಿ ತುಂಬಿರುವುದು ಆ ಕಲಸುಮೇಲೋಗರ. ಒಂದೇ ದಿನವಾದರೆ “ಎ ಡೇ’ಸ್ ಲೀವ್” ಅಥವಾ “ಎ ಒನ್-ಡೇ ಲೀವ್”.

“ನಮ್ಮ ತಂದೆ” ಎಂಬುದಕ್ಕೆ “ಅವರ್ ಫಾದರ್” ಸರಿಯೇ?

ಕನ್ನಡದಲ್ಲಿ ಒಬ್ಬರೇ ಮಾತಾಡುತ್ತಿದ್ದರೂ ನಮ್ಮಪ್ಪ, ನಮ್ಮಮ್ಮ, ನಮ್ಮ ಮನೆ ಎನ್ನುತ್ತೇವೆ, ಅದು ಆಪ್ತತೆ. ಇಂಗ್ಲಿಷಿನ “ಅವರ್” ಲೆಕ್ಕ ಕೇಳುತ್ತದೆ: ಇನ್ನೊಬ್ಬರು ಯಾರು? ಅಕ್ಕನೋ ತಮ್ಮನೋ ಪಕ್ಕದಲ್ಲಿದ್ದರೆ, ಅಥವಾ ಅವರ ವಿಷಯ ಬಂದಿದ್ದರೆ, “ಅವರ್ ಫಾದರ್”. ಇಲ್ಲವಾದರೆ “ಮೈ ಫಾದರ್”. ಸಂದರ್ಶನದಲ್ಲಿ “ಅವರ್ ಫಾದರ್ ಈಸ್ ಎ ಟೀಚರ್” ಎಂದರೆ ಕೇಳುವವರು ಗೊಂದಲಕ್ಕೆ ಬೀಳುತ್ತಾರೆ. “ಅವರ್ ಹಸ್ಬೆಂಡ್” ಎಂದರಂತೂ ಬೇರೆಯೇ ಕಥೆಯಾಗುತ್ತದೆ.

“ವಾಶ್ ಹ್ಯಾಂಡ್ಸ್” ಎಂದರೆ ಸಾಕಲ್ಲವೇ, “ಯುವರ್” ಏಕೆ?

“ಕೈ ತೊಳ್ಕೊ” ಎಂದರೆ ಯಾರ ಕೈ ಎಂದು ನಾವು ಹೇಳುವುದಿಲ್ಲ. “ಕೊ” ಎಂಬುದೇ ಅದನ್ನು ಹೇಳಿಬಿಡುತ್ತದೆ. ಇಂಗ್ಲಿಷಿನ ಕ್ರಿಯಾಪದದಲ್ಲಿ ಅದಿಲ್ಲ. ಹಾಗಾಗಿ “ವಾಶ್ ಯುವರ್ ಹ್ಯಾಂಡ್ಸ್”, “ಐ ಬ್ರೋಕ್ ಮೈ ಆರ್ಮ್”, “ಶಿ ಕ್ಲೋಸ್ಡ್ ಹರ್ ಐಸ್”. ಸೂಚನಾಫಲಕದಲ್ಲಿ ಜಾಗ ಉಳಿಸಲು “ಯುವರ್” ಬಿಡುವುದುಂಟು, ವಾಕ್ಯದಲ್ಲಿ ಬಿಡುವಂತಿಲ್ಲ.

ಇದಕ್ಕೊಂದು ಮುಖ್ಯ ಹೊರತು ಇದೆ. ಆಗಲೇ ಆ ವ್ಯಕ್ತಿ ಕರ್ಮಸ್ಥಾನದಲ್ಲಿ ಬಂದಾಗಿದ್ದರೆ ಅಂಗಕ್ಕೆ “ದಿ” ಸಾಕು: “ಹಿ ಪ್ಯಾಟೆಡ್ ಮಿ ಆನ್ ದಿ ಶೋಲ್ಡರ್”, “ಶಿ ಟುಕ್ ಹಿಮ್ ಬೈ ದಿ ಆರ್ಮ್”.

“ಓನ್” ಎಲ್ಲಿ ಬೇಕು, ಎಲ್ಲಿ ಬೇಡ?

“ಓನ್” ಹಿಂದೆ ಷಷ್ಠಿ ಪದ ಇರಲೇಬೇಕು: “ಮೈ ಓನ್ ರೂಮ್”, “ರವಿ’ಸ್ ಓನ್ ರೂಮ್”. “ಆ್ಯನ್ ಓನ್ ರೂಮ್” ಎಂಬುದಿಲ್ಲ. ಅಲ್ಲಿ “ಎ ರೂಮ್ ಆಫ್ ಮೈ ಓನ್” ಎನ್ನಬೇಕು. ಈ ಜೋಡಣೆಯಲ್ಲಿ “ಮೈನ್ ಓನ್” ಎಂದು ಹೇಳಬೇಡಿ. “ಆನ್ ಮೈ ಓನ್” ಬೇರೆಯೇ: ಒಬ್ಬನೇ, ಅಥವಾ ಯಾರ ಸಹಾಯವೂ ಇಲ್ಲದೆ. “ಐ ಲಿವ್ ಆನ್ ಮೈ ಓನ್” ಎಂದರೆ ಸ್ವಂತ ಮನೆ ಎಂದಲ್ಲ, ಒಂಟಿ ವಾಸ ಎಂದರ್ಥ.

“ದಿಸ್ ಈಸ್ ಮೈ ಬುಕ್”, “ದಿಸ್ ಬುಕ್ ಈಸ್ ಮೈನ್”, “ದಿಸ್ ಬುಕ್ ಬಿಲಾಂಗ್ಸ್ ಟು ಮಿ”, “ಐ ಓನ್ ದಿಸ್ ಬುಕ್”?

ಪ್ರತಿಯೊಂದೂ ಬೇರೆ ಪ್ರಶ್ನೆಗೆ ಉತ್ತರ. ಇದೇನು ಎಂದರೆ ಮೊದಲನೆಯದು. ಇದು ಯಾರದು ಎಂದರೆ ಎರಡನೆಯದು. ಯಾರೋ ಎತ್ತಿಕೊಂಡು ಹೊರಟಾಗ, ಹಕ್ಕು ಸ್ಥಾಪಿಸಬೇಕಾದಾಗ ಮೂರನೆಯದು. ನಾಲ್ಕನೆಯದು ಕಾನೂನಿನ ಒಡೆತನದ ಮಾತು. ಗ್ರಂಥಾಲಯದಿಂದ ತಂದ ಪುಸ್ತಕವನ್ನು “ಮೈ ಬುಕ್” ಎನ್ನಬಹುದು, “ಐ ಓನ್” ಎನ್ನಲಾಗದು. ಬರೆದವರು ನೀವೇ ಆಗಿದ್ದರೂ “ಮೈ ಬುಕ್” ನಡೆಯುತ್ತದೆ. ಆದರೆ ಎದುರಿಗಿರುವ ಆ ಪ್ರತಿ ಬೇರೆಯವರದಾದರೆ “ಬಿಲಾಂಗ್ಸ್ ಟು ಮಿ” ಎನ್ನುವಂತಿಲ್ಲ.

“ದಿಸ್ ಈಸ್ ಬಿಲಾಂಗಿಂಗ್ ಟು ಮಿ” ಎಂಬುದನ್ನು ಬಿಟ್ಟುಬಿಡಿ. ಸೇರಿರುವುದು ಸ್ಥಿತಿ, ನಡೆಯುತ್ತಿರುವ ಕ್ರಿಯೆಯಲ್ಲ. ಅದಕ್ಕೆ ಐಎನ್‌ಜಿ ರೂಪ ಹೊಂದುವುದಿಲ್ಲ.

“ಐ ಡೋಂಟ್ ಲೈಕ್ ಹಿಸ್ ಡ್ರೈವಿಂಗ್” ಮತ್ತು “ಐ ಡೋಂಟ್ ಲೈಕ್ ಹಿಮ್ ಡ್ರೈವಿಂಗ್”?

“ಹಿಸ್” ಬಂದರೆ ಸಾಮಾನ್ಯವಾಗಿ ಅವನು ಓಡಿಸುವ ರೀತಿ ಹಿಡಿಸದು ಎಂದು. “ಹಿಮ್” ಬಂದರೆ ಅವನು ಓಡಿಸುವುದೇ ಬೇಡ ಎಂದು. ಚೆನ್ನಾಗಿಯೇ ಓಡಿಸಬಹುದು, ರಾತ್ರಿ ಹೊತ್ತು ಬೇಡ ಅನ್ನಿಸಬಹುದು. ಮುಂದೆ “ಅಟ್ ನೈಟ್” ಎಂದು ಸೇರಿಸಿದರೆ ಔಪಚಾರಿಕ ಬರವಣಿಗೆಯಲ್ಲಿ ಎರಡನೆಯ ಅರ್ಥಕ್ಕೂ “ಹಿಸ್” ಬಳಸುವವರಿದ್ದಾರೆ.

“ಇಟ್ಸ್” ಎಂಬಲ್ಲಿ ಅಪಾಸ್ಟ್ರಫಿ ಇದ್ದರೆ ಒಡೆತನವೇ?

ಇಲ್ಲ, ತಿರುಗುಮುರುಗು. ಗುರುತಿದ್ದರೆ “ಇಟ್ ಈಸ್” ಅಥವಾ “ಇಟ್ ಹ್ಯಾಸ್”. ಒಡೆತನಕ್ಕೆ ಗುರುತಿಲ್ಲ, ಹಿಸ್, ಹರ್ಸ್, ಅವರ್ಸ್ ಇವಕ್ಕೂ ಇಲ್ಲವಲ್ಲ, ಹಾಗೆ. “ಹೂಸ್” ವಿಷಯವೂ ಇದೇ: ಗುರುತಿದ್ದರೆ “ಹೂ ಈಸ್”.

ಹೆಸರುಗಳಲ್ಲೂ ಫಲಕಗಳಲ್ಲೂ ಒಂದೊಂದು ಕಡೆ ಒಂದೊಂದು ಥರ ಇರುತ್ತದಲ್ಲ?

ಹೆಸರಿಗೆ ಸೂತ್ರ ಹಚ್ಚಬೇಡಿ, ಅಧಿಕೃತವಾಗಿ ಹೇಗಿದೆಯೋ ಹಾಗೇ ಬರೆಯಿರಿ. ಲಂಡನ್ನಿನ ಭೂಗತ ರೈಲಿನಲ್ಲಿ ಅರ್ಲ್’ಸ್ ಕೋರ್ಟ್ ನಿಲ್ದಾಣಕ್ಕೆ ಅಪಾಸ್ಟ್ರಫಿ ಇದೆ, ಹತ್ತಿರದ ಬ್ಯಾರನ್ಸ್ ಕೋರ್ಟ್‌ಗೆ ಇಲ್ಲ. ಮೆಕ್‌ಡೊನಾಲ್ಡ್’ಸ್‌ಗೆ ಇದೆ, ಲಂಡನ್ನಿನ ಹ್ಯಾರಡ್ಸ್ ಅಂಗಡಿಗೆ ಇಲ್ಲ. ವಾಟರ್‌ಸ್ಟೋನ್ಸ್ ಪುಸ್ತಕದಂಗಡಿ 2012ರಲ್ಲಿ ತನ್ನದನ್ನು ಕಿತ್ತುಹಾಕಿತು. ಅಮೆರಿಕದ ಭೌಗೋಳಿಕ ಹೆಸರುಗಳ ಮಂಡಳಿ 1890ರಲ್ಲಿ ಸ್ಥಾಪನೆಯಾದಂದಿನಿಂದ ಸ್ಥಳನಾಮಗಳಲ್ಲಿ ಒಡೆತನದ ಅಪಾಸ್ಟ್ರಫಿಯನ್ನು ದೂರವಿಟ್ಟಿದೆ. ಮಾರ್ಥಾ’ಸ್ ವಿನ್‌ಯಾರ್ಡ್‌ನಂಥ ಬೆರಳೆಣಿಕೆಯ ಹೆಸರುಗಳಿಗೆ ಮಾತ್ರ ವಿನಾಯಿತಿ ಸಿಕ್ಕಿದೆ.

ದಿನಾಚರಣೆಗಳಲ್ಲಿ ಗುರುತಿನ ಜಾಗಕ್ಕೆ ಅರ್ಥವಿದೆ. “ಮದರ್’ಸ್ ಡೇ” ಎಂಬಲ್ಲಿ ತಾಯಿ ಏಕವಚನ. ಅಮೆರಿಕದಲ್ಲಿ ಆ ದಿನಕ್ಕಾಗಿ ಹೋರಾಡಿದ ಆ್ಯನಾ ಜಾರ್ವಿಸ್ ಅದು ಪ್ರತಿ ಮನೆಯ ತನ್ನ ತನ್ನ ತಾಯಿಯ ದಿನವಾಗಬೇಕು, ಎಲ್ಲ ತಾಯಂದಿರ ದಿನವಲ್ಲ ಎಂದು ಪಟ್ಟುಹಿಡಿದಿದ್ದರು. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಅದನ್ನು ಅಧಿಕೃತವಾಗಿ ಘೋಷಿಸಿದರು. “ಟೀಚರ್ಸ್’ ಡೇ” ಎಂಬುದನ್ನು ಹಲವು ಶಿಕ್ಷಕರ ದಿನವೆಂದು ಬಹುವಚನದ ನಂತರ ಗುರುತಿಟ್ಟು ಬರೆಯುವುದು ರೂಢಿ. ಮಾಜಿ ಸೈನಿಕರ ದಿನವಾದ “ವೆಟರನ್ಸ್ ಡೇ”ಯನ್ನು ಅಮೆರಿಕ ಸರ್ಕಾರ ಗುರುತೇ ಇಲ್ಲದೆ ಬರೆಯುತ್ತದೆ.